ಅರ್ಧ ದಿನದ ಬೆಟ್ಟ

(ಶಾಲೆಯ ಸುವರ್ಣ ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ಶಾಲೆಯ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಸುವರ್ಣ ಮಹೋತ್ಸವದ ಉಪನ್ಯಾಸ ಎಂದ ಮೇಲೆ ಶಿಕ್ಷಣದ ಧ್ಯೇಯ, ದೇಶದ ಭವಿಷ್ಯ ಇಂಥ ದೊಡ್ಡ ವಿಷಯಗಳನ್ನು ನೀವು ನಿರೀಕ್ಷಿಸಿರಬಹುದು. ಅವುಗಳ ಬಗ್ಗೆ ಮಾತಾಡಲು ಮುಂದಿನ ವಾರ ದೊಡ್ಡವರು ಬರುತ್ತಿದ್ದಾರೆ. ನನ್ನ ವಿಷಯ ಸಣ್ಣದು. ಡಿಸೆಂಬರ್ ತಿಂಗಳ ಒಂದು ಶನಿವಾರ ಬೆಳಗ್ಗೆ ಒಂಬತ್ತನೇ ತರಗತಿಯ ಎಲ್ಲ ಮಕ್ಕಳನ್ನೂ ಶಿವಗಂಗೆ ಬೆಟ್ಟ ಹತ್ತಿಸಿ, ಊಟದ ಹೊತ್ತಿಗೆ ಕ್ಷೇಮವಾಗಿ ಕೆಳಗಿಳಿಸಿಕೊಂಡು ಬರುವುದು ಹೇಗೆ ಎಂಬುದಷ್ಟೇ ನಾನು ಹೇಳಬೇಕಾದದ್ದು. ‘ಎಲ್ಲ ಮಕ್ಕಳನ್ನೂ’ ಎಂಬ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಈ ವಿಷಯದಲ್ಲಿ ಜಗಳ ಇರುವುದೇ ಅಲ್ಲಿ.

ಮಹೋತ್ಸವ ಸಮಿತಿಯ ಸಭೆಯಲ್ಲಿ ಈ ನಡಿಗೆಯ ಮಾತು ಬಂದಾಗ ಮೂರು ಅಭಿಪ್ರಾಯಗಳು ಬಂದವು. ಅಪಾಯ, ಬೇಡವೇ ಬೇಡ ಎಂದವರು ಕೆಲವರು. ಹುಡುಗರನ್ನು ಮಾತ್ರ ಕರೆದುಕೊಂಡು ಹೋಗಿ, ಹೆಣ್ಣುಮಕ್ಕಳಿಗೆ ಅವತ್ತು ಶಾಲೆಯಲ್ಲೇ ರಂಗೋಲಿ ಸ್ಪರ್ಧೆ ಇಡೋಣ ಎಂದವರು ಕೆಲವರು. ಬಸ್ಸು ಮಾಡಿಕೊಂಡು ದೂರದ ಊರಿಗೇ ಹೋಗೋಣ, ದಿನಾ ಕಾಣುವ ಬೆಟ್ಟದಲ್ಲಿ ನೋಡುವುದೇನಿದೆ ಎಂದವರು ಇನ್ನು ಕೆಲವರು. ಮೂರಕ್ಕೂ ಉತ್ತರ ಹೇಳುತ್ತೇನೆ. ಮೊದಲು ಮೂರನೆಯದು, ಅದು ಸುಲಭ.

ನಮ್ಮ ಶಾಲೆಯ ಮೈದಾನದಲ್ಲಿ ನಿಂತು ದಕ್ಷಿಣಕ್ಕೆ ಮುಖ ಮಾಡಿದರೆ ಬೆಟ್ಟ ಕಾಣುತ್ತದೆ. ಪ್ರಾರ್ಥನೆಗೆ ಸಾಲು ನಿಂತಾಗ ನೀವು ನೋಡುವುದು ಅದನ್ನೇ. ಈ ಬೆಟ್ಟ ಪೂರ್ವದಿಂದ ಬಸವನಂತೆ, ಪಶ್ಚಿಮದಿಂದ ಗಣಪತಿಯಂತೆ, ಉತ್ತರದಿಂದ ಸರ್ಪದಂತೆ, ದಕ್ಷಿಣದಿಂದ ಲಿಂಗದಂತೆ ಕಾಣುತ್ತದೆ ಎಂಬುದು ಹಿಂದಿನಿಂದ ಬಂದ ಮಾತು. ನಾವು ಉತ್ತರದವರು, ನಮ್ಮ ಪಾಲಿಗೆ ಬಂದದ್ದು ಸರ್ಪ. ಕಳೆದ ವಾರ ಒಂಬತ್ತನೇ ತರಗತಿಗೆ ಹೋಗಿ, ತುದಿಯವರೆಗೆ ಹತ್ತಿದವರು ಕೈ ಎತ್ತಿ ಎಂದೆ. ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಕೈಗಳು ಎದ್ದವು. ಹುಡುಗಿಯರಲ್ಲಿ ಎದ್ದದ್ದು ನಾಲ್ಕು. ದಿನಾ ಕಣ್ಣೆದುರಿಗಿರುವ ಬೆಟ್ಟದ ಮೇಲಿಂದ ತಮ್ಮೂರು ಹೇಗೆ ಕಾಣುತ್ತದೆಂದು ಗೊತ್ತಿಲ್ಲದೆ ಈ ಮಕ್ಕಳು ಶಾಲೆ ಮುಗಿಸಿಬಿಡುತ್ತಾರೆ. ‘ಚಿಣ್ಣರ ಕರ್ನಾಟಕ ದರ್ಶನ’ದಲ್ಲಿ ಹಂಪಿ, ವಿಜಯಪುರ ನೋಡಿ ಬರುವುದು ಒಳ್ಳೆಯದೇ. ಆದರೆ ಅದಕ್ಕೆ ಎಲ್ಲರೂ ಆಯ್ಕೆಯಾಗುವುದಿಲ್ಲ. ಈ ಬೆಟ್ಟಕ್ಕೆ ಯಾರನ್ನೂ ಆಯ್ಕೆ ಮಾಡಬೇಕಾಗಿಲ್ಲ.

ಇನ್ನು ಅಪಾಯದ ಮಾತು. ಅಪಾಯವಿಲ್ಲ ಎಂದು ನಾನು ಹೇಳುವುದಿಲ್ಲ. ಬಂಡೆಯ ಬೆಟ್ಟ, ಕೆಲವು ಕಡೆ ಕಡಿದಾದ ಮೆಟ್ಟಿಲು, ಮೇಲೆ ಪ್ರಪಾತ, ದಾರಿಯುದ್ದಕ್ಕೂ ಕೋತಿಗಳು, ಬಂಡೆ ಸಂದಿಯಲ್ಲಿ ಹೆಜ್ಜೇನು ಎಲ್ಲ ಇವೆ. ಆದರೆ ಮಕ್ಕಳು ಬೆಟ್ಟಕ್ಕೆ ಹೋಗುವುದನ್ನು ನಾವು ತಡೆಯಲಾರೆವು. ಹುಡುಗರು ಹೇಗೂ ಹೋಗುತ್ತಾರೆ, ಹೋಗುತ್ತಿದ್ದಾರೆ. ಮನೆಯಲ್ಲಿ ಹೇಳದೆ, ನೀರಿಲ್ಲದೆ, ಮಧ್ಯಾಹ್ನದ ಬಿಸಿಲಿನಲ್ಲಿ, ಫೋನ್ ಹಿಡಿದು ಅಂಚಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲು ಹೋಗುತ್ತಾರೆ. ಸರಿಯಾಗಿ ಹತ್ತುವುದನ್ನು ನಾವು ಒಮ್ಮೆ ಕಲಿಸಿದರೆ ಅವರು ಮುಂದೆ ತಾವೇ ಹೋಗುವಾಗಲೂ ಅದು ಉಪಯೋಗಕ್ಕೆ ಬರುತ್ತದೆ. ಹುಡುಗಿಯರ ವಿಷಯ ಬೇರೆ. ಅವರನ್ನು ಈ ಸಲ ಬಿಟ್ಟರೆ ಅವರು ಹೋಗುವುದೇ ಇಲ್ಲ.

ಈಗ ಯೋಜನೆಗೆ ಬರೋಣ. ಶಿವಗಂಗೆಗೆ ದಕ್ಷಿಣಕಾಶಿ ಎಂಬ ಹೆಸರಿದೆ. ಇಲ್ಲಿಯ ಮೆಟ್ಟಿಲುಗಳ ಸಂಖ್ಯೆ ಇಲ್ಲಿಂದ ಕಾಶಿಗೆ ಇರುವ ಯೋಜನಗಳ ಸಂಖ್ಯೆಗೆ ಸಮ ಎಂದು ಹಿಂದಿನವರು ನಂಬಿದ್ದರು. ಯೋಜನದ ಲೆಕ್ಕ ಹಿರಿಯರಿಗೆ ಬಿಡೋಣ, ನಮಗೆ ಬೇಕಾದದ್ದು ಯೋಜನೆಯ ಲೆಕ್ಕ.

ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1,370 ಮೀಟರ್ ಎತ್ತರದಲ್ಲಿದೆ. ಈ ಅಂಕಿ ನೋಡಿ ಗಾಬರಿಯಾಗಬೇಡಿ, ಬೀಗಲೂಬೇಡಿ. ನಮ್ಮ ಊರುಗಳೇ ಸಮುದ್ರಮಟ್ಟದಿಂದ 900 ಮೀಟರಿನ ಆಸುಪಾಸಿನಲ್ಲಿವೆ. ನಾವು ನಿಜವಾಗಿ ಏರುವುದು ಸುಮಾರು 400 ಮೀಟರ್. ಮಕ್ಕಳೇ, ಬೆಟ್ಟದ ಎತ್ತರ ಬೇರೆ, ನೀವು ಏರುವ ಎತ್ತರ ಬೇರೆ. ಭೂಪಟ ಓದುವಾಗ ಇದು ಮೊದಲ ಪಾಠ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಪಕ್ಕಪಕ್ಕದ ಎರಡು ಸಮೋನ್ನತಿ ರೇಖೆಗಳ ನಡುವೆ 20 ಮೀಟರ್ ಎತ್ತರದ ವ್ಯತ್ಯಾಸ. ರೇಖೆಗಳು ಒಂದಕ್ಕೊಂದು ಅಂಟಿಕೊಂಡಂತೆ ಕಂಡರೆ ಅಲ್ಲಿ ಕಡಿದು, ದೂರವಾಗಿದ್ದರೆ ಇಳಿಜಾರು ಸಾಧಾರಣ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿದ್ದೀರಿ. ಈಗ ನಿಮ್ಮ ಮೊಣಕಾಲಿಗೆ ಅದರ ಅರ್ಥ ತಿಳಿಯುತ್ತದೆ.

ಎಷ್ಟು ಹೊತ್ತು ಬೇಕು? ಸ್ಕಾಟ್ಲೆಂಡಿನ ನೈಸ್ಮಿತ್ ಎಂಬ ಬೆಟ್ಟ ಹತ್ತುವ ಹವ್ಯಾಸಿ 1892ರಲ್ಲಿ ಒಂದು ಸರಳ ಲೆಕ್ಕ ಕೊಟ್ಟ. ಈಗಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 300 ಮೀಟರ್ ಏರಿಕೆಗೆ ಅರ್ಧ ಗಂಟೆ ಸೇರಿಸು ಎಂದು. ನಮ್ಮ ಬೆಟ್ಟಕ್ಕೆ ಹಾಕಿ ನೋಡಿ. ಬುಡದಿಂದ ತುದಿಗೆ ನಡೆಯುವ ದಾರಿ ಎರಡೂವರೆ ಕಿಲೋಮೀಟರ್ ಎಂದಿಟ್ಟುಕೊಂಡರೆ ಅರ್ಧ ಗಂಟೆ. 400 ಮೀಟರ್ ಏರಿಕೆಗೆ ನಲವತ್ತು ನಿಮಿಷ. ಒಟ್ಟು ಒಂದು ಗಂಟೆ ಹತ್ತು ನಿಮಿಷ. ಆದರೆ ಆ ಲೆಕ್ಕ ಗಟ್ಟಿಮುಟ್ಟಾದ ದೊಡ್ಡವರದು, ಎಲ್ಲೂ ನಿಲ್ಲದೆ ನಡೆಯುವವರದು. ನಮ್ಮದು ಮಕ್ಕಳ ಹಿಂಡು. ಒಬ್ಬನ ಶೂ ದಾರ ಬಿಚ್ಚುತ್ತದೆ, ಒಬ್ಬಳಿಗೆ ಬಾಯಾರಿಕೆ, ಇನ್ನೊಬ್ಬ ಕೋತಿ ನೋಡುತ್ತಾ ನಿಂತುಬಿಡುತ್ತಾನೆ. ಆದ್ದರಿಂದ ದುಪ್ಪಟ್ಟು ಹಿಡಿಯಿರಿ, ಹತ್ತಲು ಎರಡೂವರೆ ಗಂಟೆ. ಮೇಲೆ ಮುಕ್ಕಾಲು ಗಂಟೆ. ಇಳಿಯಲು ಒಂದೂಮುಕ್ಕಾಲು ಗಂಟೆ. ಒಟ್ಟು ಐದು ಗಂಟೆ. ಇಳಿಯಲು ಅಷ್ಟೇಕೆ ಎಂದು ಸಮಿತಿಯಲ್ಲಿ ಒಬ್ಬರು ಕೇಳಿದರು. ಹತ್ತುವಾಗ ಉಸಿರು ಕಟ್ಟಿ ತಾನಾಗಿಯೇ ನಿಲ್ಲುತ್ತೇವೆ. ಇಳಿಯುವಾಗ ಮಕ್ಕಳು ಓಡುತ್ತಾರೆ. ದಣಿದ ಕಾಲು, ನಯವಾದ ಮೆಟ್ಟಿಲು, ಓಟ ಮೂರೂ ಸೇರಿದರೆ ಜಾರುವುದೇ. ಆದ್ದರಿಂದ ಇಳಿಯುವ ಹೊತ್ತನ್ನು ಬೇಕೆಂದೇ ಧಾರಾಳವಾಗಿ ಇಟ್ಟಿದ್ದೇನೆ.

ಇದನ್ನು ಗಡಿಯಾರದ ಮೇಲೆ ಕೂರಿಸೋಣ. ಡಿಸೆಂಬರಿನಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಬೆಳಗ್ಗೆ ಆರೂವರೆಯ ಸುಮಾರಿಗೆ. ಆರೂವರೆಗೆ ಶಾಲೆಯಿಂದ ಹೊರಟು ಏಳಕ್ಕೆ ಬುಡದಲ್ಲಿರಬೇಕು. ಒಂಬತ್ತೂವರೆಗೆ ತುದಿ. ಹತ್ತೂಕಾಲಿಗೆ ಇಳಿಯಲು ಆರಂಭ. ಹನ್ನೆರಡಕ್ಕೆ ಕೆಳಗೆ ಊಟ. ಈ ಎಲ್ಲ ಗಂಟೆಗಳಲ್ಲಿ ನಾಲ್ಕನ್ನು ಬೇಕಾದರೆ ಹಿಂದೆ ಮುಂದೆ ಮಾಡಿ, ಹತ್ತೂಕಾಲನ್ನು ಮಾತ್ರ ಮುಟ್ಟಬೇಡಿ. ಹತ್ತೂಕಾಲಿಗೆ ನಾವು ಎಲ್ಲಿದ್ದೇವೋ ಅಲ್ಲಿಂದ ತಿರುಗುತ್ತೇವೆ. ತುದಿ ಇನ್ನು ಐವತ್ತೇ ಮೆಟ್ಟಿಲು ಇದ್ದರೂ ತಿರುಗುತ್ತೇವೆ. ‘ಇಷ್ಟು ದೂರ ಬಂದು...’ ಎಂಬ ಮಾತು ಅಲ್ಲಿ ಹುಟ್ಟುತ್ತದೆ. ಅದಕ್ಕೇ ಮಕ್ಕಳಿಗೆ ಈಗಲೇ, ಬೆಟ್ಟದ ಬುಡ ಮುಟ್ಟುವ ಮೊದಲೇ ಹೇಳಿಡುತ್ತಿದ್ದೇನೆ. ಕೆಳಗೆ ನಿಂತು ಮಾಡಿದ ತೀರ್ಮಾನಕ್ಕೆ ಇರುವ ಬುದ್ಧಿ, ಮೇಲೆ ಬಿಸಿಲಲ್ಲಿ ದಣಿದು ಮಾಡುವ ತೀರ್ಮಾನಕ್ಕೆ ಇರುವುದಿಲ್ಲ.

ಡಿಸೆಂಬರ್ ಏಕೆ ಎಂದರೆ, ಮಳೆಗಾಲದಲ್ಲಿ ಬಂಡೆಯ ಮೇಲೆ ಪಾಚಿ. ಮಾರ್ಚ್ ಕಳೆದ ಮೇಲೆ ಬಂಡೆಯೇ ಕಾದ ಹೆಂಚು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗುಡುಗು ಸಿಡಿಲು. ಸಂಕ್ರಾಂತಿಯ ಜಾತ್ರೆಯ ದಿನಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಾರ್ತಿಕ ಸೋಮವಾರವೂ ಬೇಡ. ಉಳಿಯುವುದು ಡಿಸೆಂಬರಿನ ಶನಿವಾರ, ಅದರಲ್ಲೂ ಪರೀಕ್ಷೆ ಇಲ್ಲದ ಶನಿವಾರ. ಮೋಡ ಕಟ್ಟಿದ್ದರೆ ಮುಂದಕ್ಕೆ ಹಾಕುತ್ತೇವೆ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಎಂದರ್ಥ. ಆಗ ಬಯಲು ಬಂಡೆಯ ಮೇಲೆ ಇರಬಾರದು, ಒಂಟಿ ಮರದ ಕೆಳಗೆ ನಿಲ್ಲಬಾರದು, ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿ ಹಿಡಿದುಕೊಂಡಿರಬಾರದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಹತ್ತಬಾರದು. ಡಿಸೆಂಬರಿನಲ್ಲಿ ಇದೆಲ್ಲ ಬರುವುದು ಅಪರೂಪ. ಆದರೂ ರೈತರ ಮಕ್ಕಳು ತಿಳಿದಿರಬೇಕು, ಇದು ಹೊಲಕ್ಕೂ ಅನ್ವಯಿಸುತ್ತದೆ.

ಈಗ ‘ಎಲ್ಲ ಮಕ್ಕಳೂ’ ಎಂಬ ಮಾತಿಗೆ ಬರುತ್ತೇನೆ. ಎಲ್ಲರೂ ತುದಿಗೆ ಹೋಗಲೇಬೇಕು ಎಂದು ನಾನು ಹೇಳುತ್ತಿಲ್ಲ. ಎಲ್ಲರೂ ಬರಬೇಕು ಎಂದು ಹೇಳುತ್ತಿದ್ದೇನೆ. ಅದಕ್ಕೆ ಈ ಬೆಟ್ಟದಲ್ಲಿ ಅನುಕೂಲವಾದ ಮೂರು ನಿಲುಗಡೆಗಳಿವೆ. ಗಂಗಾಧರೇಶ್ವರ ಮತ್ತು ಹೊನ್ನಾದೇವಿ ಗುಡಿಗಳ ಹತ್ತಿರ ಮೊದಲನೆಯದು. ಅಲ್ಲಿಯವರೆಗೆ ಅಗಲವಾದ ಮೆಟ್ಟಿಲು, ಮನೆಯ ಅಜ್ಜಿಯರೂ ಹತ್ತುತ್ತಾರೆ. ಅಭಿಷೇಕದ ತುಪ್ಪ ಬೆಣ್ಣೆಯಾಗುತ್ತದೆ ಎಂದು ಜನ ನಂಬುವುದು ಅಲ್ಲಿಯ ಗುಡಿಯಲ್ಲಿ. ಎರಡನೆಯದು ಒಳಕಲ್ಲು ತೀರ್ಥ. ಬಂಡೆಯ ಕೆಳಗೆ ಒರಳಿನಂಥ ಸಣ್ಣ ಗುಳಿ. ಕೈ ಇಳಿಬಿಟ್ಟರೆ ಪುಣ್ಯವಂತರಿಗೆ ನೀರು ಸಿಗುತ್ತದೆ ಎಂಬುದು ನಂಬಿಕೆ. ಸಿಗದವರು ಬೇಸರ ಮಾಡಿಕೊಳ್ಳುವುದು ಬೇಡ, ನಿಮ್ಮ ಕೈ ಇನ್ನೂ ಬೆಳೆಯಬೇಕು ಅಷ್ಟೆ. ಮೂರನೆಯದು ತುದಿ. ಒಳಕಲ್ಲಿನಿಂದ ಮೇಲಕ್ಕೆ ದಾರಿಯ ಸ್ವಭಾವವೇ ಬೇರೆ. ಬಂಡೆಯಲ್ಲೇ ಕಡಿದ ಮೆಟ್ಟಿಲು, ಪಕ್ಕದಲ್ಲಿ ಕಂಬಿ, ಕೆಲವು ಕಡೆ ಒಬ್ಬರ ಹಿಂದೆ ಒಬ್ಬರಾಗಿಯೇ ಹೋಗಬೇಕು.

ಪ್ರತಿ ನಿಲುಗಡೆಯಲ್ಲೂ ಒಬ್ಬ ಶಿಕ್ಷಕರೋ ಶಿಕ್ಷಕಿಯೋ ಕೊನೆಯವರೆಗೆ ಕೂತಿರುತ್ತಾರೆ. ದಣಿದವರು, ತಲೆ ಸುತ್ತುವವರು, ಎತ್ತರ ಕಂಡರೆ ಹೆದರುವವರು ಅಲ್ಲೇ ಉಳಿಯಬಹುದು. ನಮ್ಮ ತರಗತಿಯಲ್ಲಿ ಕಾಲಿನ ತೊಂದರೆ ಇರುವ ಒಂದು ಮಗು ಇದೆ. ‘ಪಾಪ, ಅವನಿಗೆ ಯಾಕೆ ತೊಂದರೆ’ ಎಂದು ಎಲ್ಲರೂ ಹೇಳಿದರು, ಅವನನ್ನು ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. ‘ಗುಡಿ ತನಕ ಬರ್ತೀನಿ ಸಾರ್, ಮೇಲೆ ಹೋದೋರು ಎಷ್ಟೊತ್ತಿಗೆ ಬಂದ್ರು ಅಂತ ಬರ್ಕೋತೀನಿ’ ಅಂದ. ನಮ್ಮ ಯೋಜನೆಯಲ್ಲಿ ಇಲ್ಲದಿದ್ದ ಹುದ್ದೆ ಅದು, ಇರಲೇಬೇಕಾದ ಹುದ್ದೆ. ಯಾವ ತಂಡ ಎಷ್ಟು ಹೊತ್ತಿಗೆ ಮೊದಲ ನಿಲುಗಡೆ ದಾಟಿತು, ಎಷ್ಟು ಜನ ಹೋದರು, ಎಷ್ಟು ಜನ ಬಂದರು ಎಂಬ ಪುಸ್ತಕ ಅವನ ಕೈಯಲ್ಲಿರುತ್ತದೆ. ಅವನು ಸರಿ ಎನ್ನದೆ ಯಾರೂ ಬಸ್ಸು ಹತ್ತುವಂತಿಲ್ಲ, ಮುಖ್ಯೋಪಾಧ್ಯಾಯರೂ ಸೇರಿ.

ತಲೆ ಎಣಿಕೆಯ ಬಗ್ಗೆ ನಾನು ಇಷ್ಟು ಹಟ ಹಿಡಿಯಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಬೇರೊಂದು ಕಡೆಯ ಶಾಲೆಯ ತಂಡವೊಂದು ಇಂಥದೇ ಬೆಟ್ಟಕ್ಕೆ ಬಂದಿತ್ತು. ಯಾವ ಶಾಲೆ, ಯಾವ ಬೆಟ್ಟ ಎಂಬುದು ಬೇಡ. ಮುಂದೆ ಓಡಿದವರು ಓಡಿದರು, ಹಿಂದೆ ಉಳಿದವರು ಉಳಿದರು. ಇಬ್ಬರು ಹುಡುಗರು ದಾರಿ ಬಿಟ್ಟು ಕುರುಚಲಿನಲ್ಲಿ ಇಳಿದಿದ್ದರು. ಬಸ್ಸು ಹೊರಟು ಅರ್ಧ ದಾರಿ ಹೋದ ಮೇಲೆ, ಅದೂ ಗೆಳೆಯನೊಬ್ಬ ಅವರ ಚೀಲ ನೋಡಿ ಹೇಳಿದ ಮೇಲೆ, ವಿಷಯ ಗೊತ್ತಾಯಿತು. ಕತ್ತಲಾದ ಮೇಲೆ ಹಳ್ಳಿಯ ದನಗಾಹಿಗಳು ಹುಡುಕಿ ಕರೆತಂದರು. ಮಕ್ಕಳಿಗೆ ಏನೂ ಆಗಲಿಲ್ಲ. ಆದರೆ ಆ ಶಾಲೆಯಲ್ಲಿ ಮತ್ತೆ ಯಾರೂ ಹೊರಸಂಚಾರದ ಮಾತೆತ್ತಲಿಲ್ಲ ಎಂದು ಕೇಳಿದ್ದೇನೆ. ಅಜಾಗರೂಕತೆ ಆ ದಿನದ್ದು, ಶಿಕ್ಷೆ ಮುಂದಿನ ಎಲ್ಲ ತರಗತಿಗಳಿಗೆ.

ನಮ್ಮಲ್ಲಿ ಹೀಗಿರುತ್ತದೆ. ಇಬ್ಬಿಬ್ಬರ ಜೋಡಿ, ಐದು ಜೋಡಿಗೆ ಒಬ್ಬ ದೊಡ್ಡವರು. ಎಲ್ಲರಿಗಿಂತ ಮುಂದೆ ಒಬ್ಬ ಶಿಕ್ಷಕರು, ಅವರನ್ನು ಯಾರೂ ದಾಟಬಾರದು. ಎಲ್ಲರಿಗಿಂತ ಹಿಂದೆ ದೈಹಿಕ ಶಿಕ್ಷಕರು, ಅವರ ಹಿಂದೆ ಯಾರೂ ಉಳಿಯಬಾರದು. ಗಟ್ಟಿಗರನ್ನು ಮುಂದೆ ಬಿಡುವುದು ರೂಢಿ. ನಾನು ಹೇಳುವುದು, ನಿಧಾನ ನಡೆಯುವವರನ್ನು ಮುಂದೆ ಬಿಡಿ, ನಡಿಗೆಯ ವೇಗ ಅವರದಾಗಲಿ. ನಿಧಾನದವರು ಹಿಂದಿದ್ದರೆ, ಅವರು ಬಂದು ಸೇರುವ ಹೊತ್ತಿಗೆ ಮುಂದಿನವರು ಸುಧಾರಿಸಿಕೊಂಡು ಎದ್ದಿರುತ್ತಾರೆ. ಸುಧಾರಿಸಿಕೊಳ್ಳಬೇಕಾದವರಿಗೇ ಕೂರಲು ಸಮಯ ಸಿಗುವುದಿಲ್ಲ.

ಹೆಣ್ಣುಮಕ್ಕಳ ತಂದೆತಾಯಂದಿರು ನನ್ನನ್ನು ಕೇಳಿದ ಪ್ರಶ್ನೆಗಳು ನ್ಯಾಯವಾದವು. ಯಾರು ಜೊತೆಗೆ ಇರುತ್ತಾರೆ, ಶೌಚಾಲಯ ಎಲ್ಲಿದೆ, ಎಷ್ಟು ಹೊತ್ತಿಗೆ ಮನೆಗೆ ಬರುತ್ತಾರೆ ಎಂದು ಕೇಳಿದರು. ಇವು ಬೆಟ್ಟದ ವಿರುದ್ಧ ಕೇಳಿದ ಪ್ರಶ್ನೆಗಳಲ್ಲ, ಯೋಜನೆಯ ಬಗ್ಗೆ ಕೇಳಿದ ಪ್ರಶ್ನೆಗಳು. ಉತ್ತರ ಇದೆ. ಮೂವರು ಶಿಕ್ಷಕಿಯರು, ಜೊತೆಗೆ ಬರಲು ಒಪ್ಪಿರುವ ನಾಲ್ವರು ತಾಯಂದಿರು. ಹತ್ತುವ ಮೊದಲು ಬುಡದಲ್ಲಿ ಹದಿನೈದು ನಿಮಿಷ ಶೌಚಾಲಯಕ್ಕೆಂದೇ ಮೀಸಲು. ಮೇಲೆ ಸೌಕರ್ಯ ಸಿಗುತ್ತದೆಂದು ನಂಬಿಕೊಂಡು ಹೊರಡುವಂತಿಲ್ಲ. ಶೌಚಾಲಯಕ್ಕೆ ಹೋಗಬೇಕಾದೀತೆಂದು ಹೆದರಿ ನೀರೇ ಕುಡಿಯದೆ ಹತ್ತುವ ಹುಡುಗಿಯರನ್ನು ನಾನು ನೋಡಿದ್ದೇನೆ, ತಲೆ ಸುತ್ತಿ ಕೂರುವವರು ಅವರೇ. ತಿಂಗಳ ದಿನಗಳಲ್ಲಿ ಇರುವವರಿಗೆ ಬೇಕಾದದ್ದು ಶಿಕ್ಷಕಿಯರ ಚೀಲದಲ್ಲಿರುತ್ತದೆ. ಅವರು ಬರಬೇಕೋ ಬೇಡವೋ ಎಂಬುದನ್ನು ಆ ಮಗು ತಾನೇ ಹೇಳಲಿ. ಮಧ್ಯಾಹ್ನ ಒಂದೂವರೆಗೆ ಎಲ್ಲರೂ ಶಾಲೆಯ ಗೇಟಿನಲ್ಲಿ ಇರುತ್ತಾರೆ. ಹುಡುಗಿಯರನ್ನು ಬಿಟ್ಟು ಹೋಗುವುದಾದರೆ ನನಗೆ ಈ ಕೆಲಸ ಬೇಡ, ಸಮಿತಿಯಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳುತ್ತಿದ್ದೇನೆ.

ಚೀಲದಲ್ಲಿ ಏನಿರಬೇಕು ಎಂಬುದು ಬೇಗ ಮುಗಿಯುವ ವಿಷಯ. ಒಬ್ಬರಿಗೆ ಒಂದೂವರೆ ಲೀಟರ್ ನೀರು, ಟೋಪಿ ಇಲ್ಲವೇ ಟವಲು, ಒಂದು ಹಿಡಿ ಕಡ್ಲೆಕಾಯಿ ಬೀಜ, ಒಂದು ಉಂಡೆ ಬೆಲ್ಲ. ಚೀಲ ಹೆಗಲಿಗೆ ಹಾಕುವಂಥದೇ ಆಗಿರಬೇಕು, ಎರಡೂ ಕೈ ಖಾಲಿ ಇರಬೇಕು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದವರನ್ನು ಶಿವಗಂಗೆಯ ಕೋತಿಗಳು ಬಿಡುವುದಿಲ್ಲ. ಕವರಿನಲ್ಲಿ ನೋಟ್‌ಬುಕ್ ಇದ್ದರೂ ಅವಕ್ಕೆ ಬಾಳೆಹಣ್ಣೇ. ಕಸಿದುಕೊಂಡರೆ ಬಿಟ್ಟುಬಿಡಿ, ಎಳೆದಾಡಬೇಡಿ. ಹಲ್ಲು ಕಿರಿಯಬೇಡಿ, ನಿಮಗೆ ಅದು ನಗು, ಕೋತಿಗೆ ಅದು ಜಗಳದ ಕರೆ. ಕೋತಿ ಕಚ್ಚಿದರೆ, ಪರಚಿದರೆ ಸೋಪು ಹಾಕಿ ನೀರಿನಲ್ಲಿ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ‘ಸ್ವಲ್ಪ ಗೀರಿದ್ದು ಅಷ್ಟೆ’ ಎಂದು ಮನೆಯಲ್ಲಿ ಮುಚ್ಚಿಡುವಂತಿಲ್ಲ. ಊಟ ಬೆಟ್ಟದ ಮೇಲಲ್ಲ, ಕೆಳಗೆ ಬಂದ ಮೇಲೆ. ನಮ್ಮ ಅಕ್ಷರ ದಾಸೋಹದ ಅಡುಗೆಯವರು ಪುಳಿಯೋಗರೆ ಮಾಡಿಕೊಡುತ್ತೇವೆ ಎಂದಿದ್ದಾರೆ. ಚಿತ್ರಾನ್ನಕ್ಕಿಂತ ಅದು ವಾಸಿ, ಮಧ್ಯಾಹ್ನದವರೆಗೆ ಹಳಸುವುದಿಲ್ಲ.

ದಣಿವಿಗೆ ಅಂಗಡಿಯ ಬಣ್ಣದ ಪಾನಕ ಬೇಡ. ಒಂದು ಲೀಟರ್ ಶುದ್ಧ ನೀರು, ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಇದನ್ನು ಹತ್ತನೇ ತರಗತಿಯವರು ಎರಡು ಕ್ಯಾನಿನಲ್ಲಿ ಮಾಡಿಟ್ಟಿರುತ್ತಾರೆ. ಮೆಟ್ಟಿಲ ಪಕ್ಕ ಮಾರುವ ಮಜ್ಜಿಗೆಗೆ ನನ್ನ ಆಕ್ಷೇಪವಿಲ್ಲ, ನನಗೂ ಬೇಕಾಗುತ್ತದೆ.

ಕೋತಿಗಿಂತ ನನಗೆ ಹೆಚ್ಚು ಭಯ ಹೆಜ್ಜೇನಿನದು. ಬಂಡೆಯ ಚಾಚಿನ ಕೆಳಗೆ ಹಲಗೆಯಂಥ ಕಪ್ಪು ಗೂಡು ಜೋತಾಡುತ್ತಿದ್ದರೆ ಬೆರಳು ತೋರಿಸಿ ಕೂಗುವುದೂ ಬೇಡ. ಕಲ್ಲು ಎಸೆಯುವುದು, ಪಟಾಕಿ, ಹೊಗೆ ಇವುಗಳಿಂದ ಅವು ಏಳುತ್ತವೆ. ಕಟುವಾದ ಸೆಂಟು ಹಾಕಿಕೊಂಡು ಬರಬೇಡಿ. ಎದ್ದರೆ ನಿಂತು ಕೈ ಬೀಸಬಾರದು, ಮುಖ ತಲೆ ಮುಚ್ಚಿಕೊಂಡು ಬಂದ ದಾರಿಯಲ್ಲೇ ದೂರ ಸರಿಯಬೇಕು. ಅಂಚು ಇರುವ ಜಾಗದಲ್ಲಿ ಓಡುವುದು ಜೇನಿಗಿಂತ ಕೆಟ್ಟದ್ದು, ಅದಕ್ಕೇ ಟವಲು ತನ್ನಿ ಎಂದದ್ದು. ಹಾವು ಕಚ್ಚಿದರೆ ಕೊಯ್ಯುವುದು, ಕಟ್ಟುವುದು, ನಾಟಿ ಮದ್ದು ಯಾವುದೂ ಬೇಡ. ಕಚ್ಚಿದ ಕಾಲು ಅಲುಗದಂತೆ ಎತ್ತಿಕೊಂಡು ಕೆಳಗೆ, 108ಕ್ಕೆ ಕರೆ. ಬೆಟ್ಟದ ಎಲ್ಲ ಕಡೆ ಫೋನಿನ ಸಿಗ್ನಲ್ ಸಿಗದಿರಬಹುದು. ಹಿಂದಿನ ಶನಿವಾರ ನಾವು ನಾಲ್ವರು ಹೋಗಿ ಎಲ್ಲೆಲ್ಲಿ ಸಿಗುತ್ತದೆಂದು ಗುರುತು ಮಾಡಿಕೊಂಡು ಬರುತ್ತೇವೆ.

ಇಷ್ಟು ಕಷ್ಟಪಟ್ಟು ಮೇಲೆ ಹೋಗಿ ನೋಡುವುದೇನು? ಇದನ್ನು ಹೇಳದಿದ್ದರೆ ಭಾಷಣ ಬರೀ ಎಚ್ಚರಿಕೆಗಳ ಪಟ್ಟಿಯಾಗುತ್ತದೆ.

ಮೊದಲು ಕಾಲಡಿಯ ಕಲ್ಲನ್ನೇ ನೋಡಿ. ಕಪ್ಪು ಬಿಳಿ ನಸುಗೆಂಪು ಹರಳುಗಳು ಬೆರೆತ ಕಲ್ಲು. ನಮ್ಮ ಸೀಮೆಯಲ್ಲಿ ರಾಮನಗರ, ಸಾವನದುರ್ಗದಿಂದ ಮಧುಗಿರಿ, ಪಾವಗಡದ ಕಡೆಗೆ ಉತ್ತರ ದಕ್ಷಿಣವಾಗಿ ಹಬ್ಬಿರುವ ಗ್ರಾನೈಟಿನ ಪಟ್ಟಿಯನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು, ಕ್ಲೋಸ್ ಎಂಬ ಅಧಿಕಾರಿಯಿಂದ ಬಂದದ್ದು. ನಮ್ಮ ದಾಬಸ್‌ಪೇಟೆಯೂ ಡಾಬ್ಸ್ ಎಂಬ ಅಧಿಕಾರಿಯಿಂದ ಬಂದ ಹೆಸರೇ. ಆ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ನಮ್ಮ ಶಾಲೆಗೆ ಐವತ್ತಾಯಿತೆಂದು ಸಂಭ್ರಮಿಸುವ ವರ್ಷದಲ್ಲಿ ಈ ಸಂಖ್ಯೆಯನ್ನು ಮಕ್ಕಳು ಮೆಟ್ಟಿ ನಿಲ್ಲಲಿ.

ಆಮೇಲೆ ದೂರ ನೋಡಿ. ಗಣಿತದ ಮೇಷ್ಟ್ರು ನಿಮಗೆ ವರ್ಗಮೂಲ ಕಲಿಸಿದ್ದಾರೆ. ಸುತ್ತಲಿನ ನೆಲದಿಂದ ನೀವು ಎಷ್ಟು ಮೀಟರ್ ಮೇಲಿದ್ದೀರೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದು ಬರುತ್ತದೆ. 400ರ ವರ್ಗಮೂಲ 20. ಗುಣಿಸಿದರೆ ಸುಮಾರು 71 ಕಿಲೋಮೀಟರ್. ಗಾಳಿ ತಿಳಿಯಾಗಿದ್ದರೆ ಮಾತ್ರ ಎಂಬುದು ಬೇರೆ ಮಾತು. ಉತ್ತರಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಆಚೆ ದೇವರಾಯನದುರ್ಗದ ಸಾಲು. ದಕ್ಷಿಣಕ್ಕೆ ಸ್ವಲ್ಪ ಪೂರ್ವಕ್ಕೆ ವಾಲಿದಂತೆ ಬೋಳು ಗುಂಡು ಸಾವನದುರ್ಗ. ಈಶಾನ್ಯದ ಕಡೆ ಐವತ್ತು ಕಿಲೋಮೀಟರಿಗೂ ಆಚೆ ನಂದಿಬೆಟ್ಟ, ಅದು ಕಂಡರೆ ನಿಮ್ಮ ಅದೃಷ್ಟ. ಬೆಳಗ್ಗೆ ಸೂರ್ಯ ಪೂರ್ವದಲ್ಲಿರುವುದರಿಂದ ಮೊದಲು ಪಶ್ಚಿಮ ನೋಡಿ, ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬಿದ್ದು ಕೆರೆ, ತೋಟ, ರಾಗಿ ಕುಯ್ದ ಹೊಲದ ಮೆದೆಗಳು ಸ್ಪಷ್ಟವಾಗಿ ಕಾಣುತ್ತವೆ. ಹತ್ತುವಾಗ ನಡುವೆ ಒಮ್ಮೆ ನಿಂತು ನೋಡಿದರೆ ಬೆಟ್ಟದ್ದೇ ನೆರಳು ಪಶ್ಚಿಮದ ಹೊಲಗಳ ಮೇಲೆ ಉದ್ದಕ್ಕೆ ಬಿದ್ದಿರುತ್ತದೆ. ಪೂರ್ವವನ್ನು ಇಳಿಯುವ ಮೊದಲು ನೋಡಿದರೆ ಸಾಕು.

ಮತ್ತೊಂದು ಸಂಗತಿ, ಅಲ್ಲಿ ನಿಂತಾಗ ಯಾರೂ ಹೇಳದಿದ್ದರೆ ಕಾಣದೆ ಹೋಗುವಂಥದ್ದು. ಈ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿ ಹೊಳೆ ಅರ್ಕಾವತಿಯನ್ನು ಸೇರುತ್ತದೆ. ಅವೆರಡೂ ಕೂಡುವ ಕಡೆ ಬೆಂಗಳೂರಿಗೆ ನೀರು ಕೊಡಲೆಂದು ಕಟ್ಟಿದ್ದು ತಿಪ್ಪಗೊಂಡನಹಳ್ಳಿ ಜಲಾಶಯ. ಅಲ್ಲಿಂದ ಮುಂದೆ ಕಾವೇರಿ. ಉತ್ತರದಲ್ಲಿ ಕಾಣುವ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯಾದರೋ ಉತ್ತರ ಪಿನಾಕಿನಿಯ ಕಡೆಗೆ ಹೋಗುತ್ತದೆ. ಅಂದರೆ ನೀವು ಒಂದೇ ಜಾಗದಲ್ಲಿ ನಿಂತು, ತಲೆ ತಿರುಗಿಸಿದಷ್ಟರಲ್ಲಿ, ತಮಿಳುನಾಡಿನ ದಾರಿ ಹಿಡಿಯುವ ನೀರನ್ನೂ ಆಂಧ್ರದ ದಾರಿ ಹಿಡಿಯುವ ನೀರನ್ನೂ ನೋಡುತ್ತಿದ್ದೀರಿ. ನೀರು ಈಗ ಹೆಚ್ಚಾಗಿ ಕಾಣುವುದಿಲ್ಲ, ಹೊಳೆಯ ಗೆರೆ ಮಾತ್ರ ಕಾಣುತ್ತದೆ. ಹೆದ್ದಾರಿ ಎಲ್ಲಿ ಹೋಗಿದೆ, ಕಾರ್ಖಾನೆಯ ತಗಡಿನ ಚಾವಣಿಗಳು ಯಾವ ಕೆರೆಯ ಮೇಲ್ಬದಿಯಲ್ಲಿ ಎದ್ದಿವೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ನಿಮ್ಮ ಊರಿನ ಕೆರೆ ಏಕೆ ತುಂಬುತ್ತಿಲ್ಲ ಎಂದು ಗ್ರಾಮಸಭೆಯಲ್ಲಿ ಮುಂದೆ ಕೇಳಬೇಕಾದವರು ನೀವೇ.

ಶಾಂತಲೆಯ ಜಾಗದ ಬಗ್ಗೆಯೂ ಮಕ್ಕಳು ಕೇಳುತ್ತಾರೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲದೇವಿ ಶಿವಗಂಗೆಯಲ್ಲಿ 1131ರಲ್ಲಿ ತೀರಿಕೊಂಡಳು ಎಂಬುದಕ್ಕೆ ಶ್ರವಣಬೆಳಗೊಳದ ಶಾಸನದ ಆಧಾರವಿದೆ. ಅವಳು ಇಲ್ಲಿಂದ ಹಾರಿದಳು ಎಂಬುದು ಜನರ ಬಾಯಲ್ಲಿ ಉಳಿದ ಕಥೆ. ಕಥೆಯನ್ನು ಅಂಚಿನಿಂದ ಹತ್ತು ಹೆಜ್ಜೆ ಹಿಂದೆ ಕೂತು ಹೇಳುತ್ತೇನೆ. ಅಲ್ಲಿ ಯಾರೂ ಫೋಟೋ ತೆಗೆಯುವಂತಿಲ್ಲ. ಶಿಕ್ಷಕರಿಗೂ ಇದೇ ಮಾತು. ಫೋಟೋ ಬೇಕಾದವರಿಗೆ ಕೋಡುಗಲ್ಲು ಬಸವನನ್ನು ಕೆಳಗೆ ಸಮನಾದ ಜಾಗದಲ್ಲಿ ನಿಂತು ತೆಗೆದರೆ ಇನ್ನೂ ಚೆನ್ನಾಗಿ ಬರುತ್ತದೆ.

ಪಾದರಕ್ಷೆಯ ಒಂದು ಮಾತು ಬಾಕಿ ಇದೆ. ಸರ್ಕಾರ ಕೊಟ್ಟ ಕಪ್ಪು ಶೂ ಹಾಕಿಕೊಂಡು ಬರಬಹುದು, ಆದರೆ ಅಡಿ ಸವೆದು ನುಣುಪಾಗಿದ್ದರೆ ಬಂಡೆಯ ಮೇಲೆ ಜಾರುತ್ತದೆ. ಶೂಗಳನ್ನು ಮುಂದಿನ ಬುಧವಾರ ಪ್ರಾರ್ಥನೆಯ ನಂತರ ದೈಹಿಕ ಶಿಕ್ಷಕರು ಮಗುಚಿ ನೋಡುತ್ತಾರೆ. ಸವೆದಿರುವವರು, ಬರೀ ಹವಾಯಿ ಚಪ್ಪಲಿ ಇರುವವರು ನಾಚಿಕೆ ಪಡದೆ ನನ್ನ ಹತ್ತಿರ ಬಂದು ಅಳತೆ ಹೇಳಿ. ಹಳೆಯ ವಿದ್ಯಾರ್ಥಿಗಳು ಅದಕ್ಕೆ ಹಣ ಕೊಟ್ಟಿದ್ದಾರೆ. ಉಬ್ಬಸ, ಮೂರ್ಛೆ, ಹೃದಯದ ತೊಂದರೆ ಇದ್ದವರ ವಿವರವನ್ನು ತಂದೆತಾಯಂದಿರು ಒಪ್ಪಿಗೆ ಪತ್ರದ ಹಿಂಬದಿ ಬರೆಯಬೇಕು. ಬರೆದರೆ ಮಗುವನ್ನು ಬಿಟ್ಟುಹೋಗುತ್ತಾರೆ ಎಂದು ಮುಚ್ಚಿಡಬೇಡಿ. ಬರೆದವರಿಗೆ ಯಾವ ನಿಲುಗಡೆ ಸರಿ ಎಂದು ನಾವು ಕೂತು ಮಾತಾಡುತ್ತೇವೆ.

ಇಲಾಖೆಯ ಅನುಮತಿಗೆ ಅರ್ಜಿ ಹೋಗಿದೆ. ಒಪ್ಪಿಗೆ ಪತ್ರದ ನಮೂನೆಗಳು ಕಚೇರಿಯ ಮೇಜಿನ ಮೇಲಿವೆ. ಅಕ್ಷರ ಬಾರದವರಿಗೆ ಹತ್ತನೇ ತರಗತಿಯ ಮಕ್ಕಳು ಓದಿ ಹೇಳುತ್ತಾರೆ, ಓದಿಸಿಕೊಂಡ ಮೇಲೆಯೇ ಹೆಬ್ಬೆಟ್ಟು ಒತ್ತಿ. ಸೋಮವಾರ ಸಂಜೆಯೊಳಗೆ ಕೊಡಿ. ಜೊತೆಗೆ ಬರಲು ಇನ್ನೂ ಇಬ್ಬರು ತಾಯಂದಿರು ಬೇಕಾಗಿದ್ದಾರೆ. ಮಂಡಿನೋವು ಇಲ್ಲದವರು ಈಗಲೇ ಹೆಸರು ಹೇಳಿದರೆ ಬರೆದುಕೊಳ್ಳುತ್ತೇನೆ.